ಬಿಎ ಓದುವಾಗಲೇ ಸಂಶೋಧನೆ ಮಾಡಬಹುದಾ?

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯ ಒಂದು ಹಳ್ಳಿಯವಳು. ಸರ್ಕಾರಿ ಕಾಲೇಜಿನಲ್ಲಿ ಬಿಎ ನಾಲ್ಕನೇ ಸೆಮಿಸ್ಟರ್. 2024ರಲ್ಲಿ ಸೇರಿದ್ದು. ಇತಿಹಾಸ, ಸಮಾಜಶಾಸ್ತ್ರ ಓದುತ್ತಿದ್ದೇನೆ, ಕನ್ನಡ ಮಾಧ್ಯಮ. ಏನಾದರೂ ಸಂಶೋಧನೆ ಮಾಡಬೇಕು ಅಂತ ತುಂಬ ಆಸೆ. ನಮ್ಮ ಸರ್ ಹತ್ತಿರ ಹೇಳಿದರೆ ‘ಅದೆಲ್ಲ ಪಿಎಚ್‌ಡಿ ಮಾಡೋರಿಗಮ್ಮ, ನೀನು ಮೊದಲು ಸೆಮಿಸ್ಟರ್ ಪಾಸಾಗು’ ಅಂದರು. ಇಂಜಿನಿಯರಿಂಗ್ ಓದಿರುವ ದೊಡ್ಡಪ್ಪನ ಮಗ ‘ಲ್ಯಾಬೇ ಇಲ್ದೆ ಆರ್ಟ್ಸಲ್ಲಿ ಏನ್ ರಿಸರ್ಚು’ ಅಂತ ನಗ್ತಾನೆ. ಆದರೂ ಒಂದು ವಿಷಯ ಇಟ್ಟುಕೊಂಡಿದ್ದೇನೆ: ‘ಗ್ರಾಮೀಣ ಮಹಿಳೆಯರ ಸಬಲೀಕರಣದಲ್ಲಿ ಸರ್ಕಾರಿ ಯೋಜನೆಗಳ ಪಾತ್ರ: ಒಂದು ಅಧ್ಯಯನ’. 50 ಜನರಿಗೆ ಪ್ರಶ್ನಾವಳಿ ಕೊಡಬೇಕು ಅಂತಿದ್ದೇನೆ. ನಮ್ಮೂರಿಗೆ ಸರ್ಕಾರಿ ಬಸ್ಸೇ ಬರಲ್ಲ, ಅಮ್ಮನಿಗೆ ಫ್ರೀ ಬಸ್ ಅಂದ್ರೆ ಟೀವಿಯಲ್ಲಿ ನೋಡೋದಷ್ಟೇ. ಹಾಗಾಗಿ ಬೇರೆ ಊರಲ್ಲಿ ಮಾಡಬೇಕಾಗುತ್ತೆ. ಸ್ನೇಹಿತೆಯೊಬ್ಬಳು 1,800 ರೂಪಾಯಿ ಕಟ್ಟಿದರೆ ಇಂಟರ್‌ನ್ಯಾಷನಲ್ ಜರ್ನಲ್‌ನಲ್ಲಿ ಹಾಕಿ ಸರ್ಟಿಫಿಕೇಟ್ ಕೊಡ್ತಾರೆ ಅಂತಾಳೆ. ನನಗೆ ಇಂಗ್ಲಿಷ್ ಅಷ್ಟು ಬರಲ್ಲ, ಚಾಟ್‌ಜಿಪಿಟಿ ಬಳಸಬಹುದಾ? ಅಪ್ಪ ಮಾತ್ರ ‘ಇದರಿಂದ ಕೆಲಸ ಸಿಗುತ್ತಾ’ ಅಂತ ಕೇಳ್ತಾರೆ.

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ಎರಡನೇ ಸಲ ಓದುವಾಗ ಒಂದು ಸಾಲಿನ ಕೆಳಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದಿದ್ದೇನೆ. ಅದು ಯಾವ ಸಾಲು ಅಂತ ಆಮೇಲೆ ಹೇಳ್ತೀನಿ. ನೀವು ಕೇಳಿರುವುದು ಬೇರೆ ಬೇರೆ ಪ್ರಶ್ನೆಗಳ ಹಾಗೆ ಕಂಡರೂ ಒಳಗಿರುವ ಅಳುಕು ಒಂದೇ: ‘ಇದು ನನ್ನಂಥವಳು ಮಾಡುವ ಕೆಲಸವಾ?’ ಅದಕ್ಕೆ ಮೊದಲು ನಿಮ್ಮ ಸರ್ ಮತ್ತು ನಿಮ್ಮ ಅಣ್ಣನ ಮಾತನ್ನು ನೋಡೋಣ.

ಸರ್ ಮೇಲೆ ಬೇಜಾರು ಮಾಡಿಕೊಳ್ಳಬೇಡಿ. ಅವರು ಹೇಳಿದ್ದು ಸರಿಯಲ್ಲ, ಆದರೆ ಆ ಮಾತು ಎಲ್ಲಿಂದ ಬಂತು ಅಂತ ನನಗೆ ಗೊತ್ತು. 30 ವರ್ಷ ನಾನೂ ಅಂಥದ್ದೇ ಸ್ಟಾಫ್ ರೂಮುಗಳಲ್ಲಿ ಕೂತು ಸಮಾಜಶಾಸ್ತ್ರ ಹೇಳಿಕೊಟ್ಟವನು. ವಾರಕ್ಕೆ 16 ಗಂಟೆ ಪಾಠ. ಅದರ ಮೇಲೆ ಇಂಟರ್ನಲ್ಸ್ ಅಂಕ, ಸ್ಕಾಲರ್‌ಶಿಪ್ ಅರ್ಜಿ, ಚುನಾವಣೆ ಡ್ಯೂಟಿ, ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್‌ನ ಫೈಲು. ಎಷ್ಟೋ ಕಾಲೇಜುಗಳಲ್ಲಿ ಅರ್ಧ ಪಾಠ ಅತಿಥಿ ಉಪನ್ಯಾಸಕರ ಹೆಗಲ ಮೇಲೆ. ಮುಂದಿನ ವರ್ಷ ತಾವೇ ಇರ್ತೀವೋ ಇಲ್ವೋ ಅಂತ ಗೊತ್ತಿಲ್ಲದವರು ನಿಮ್ಮ ಸಂಶೋಧನೆಗೆ ಹೇಗೆ ಒಪ್ಪಿಕೊಳ್ಳಬೇಕು ಹೇಳಿ.

ಇನ್ನೊಂದು ಕಾರಣವೂ ಇದೆ. ಪ್ರಾಜೆಕ್ಟ್ ಅನ್ನುವ ಹೆಸರಿನಲ್ಲಿ ಮೇಷ್ಟ್ರುಗಳು ನೋಡಿರುವುದು ಎಂಥದ್ದು ಅಂದರೆ, ಅವರಿಗೆ ಆ ಪದ ಕೇಳಿದರೇ ಸುಸ್ತು. ಒಂದು ಸಲ ಒಂದು ಕಾಲೇಜಿಗೆ ವೈವಾ ಮಾಡಲು ಹೋಗಿದ್ದೆ. ಚಿಕ್ಕಮಗಳೂರಿನ ಕಾಫಿ ತೋಟದ ಕಾರ್ಮಿಕರ ಬಗ್ಗೆ ಪ್ರಾಜೆಕ್ಟು. ರೆಕ್ಸಿನ್ ಬೈಂಡು, ಮೇಲೆ ಬಂಗಾರದ ಅಕ್ಷರ. 23ನೇ ಪುಟದಲ್ಲಿ ‘ಮೇಲಿನ ಕೋಷ್ಟಕದಿಂದ ರಾಯಚೂರು ಜಿಲ್ಲೆಯ ಹತ್ತಿ ಬಿಡಿಸುವ ಮಹಿಳೆಯರ ಸ್ಥಿತಿ ತಿಳಿದುಬರುತ್ತದೆ’ ಅಂತಿತ್ತು. ಇದೇನಪ್ಪ ಅಂತ ಕೇಳಿದೆ. ಹುಡುಗ ಒಂಚೂರೂ ಗಾಬರಿಯಾಗದೆ ‘ಸರ್, ಜೆರಾಕ್ಸ್ ಅಂಗಡಿಯವರು ಮಿಸ್ಟೇಕ್ ಮಾಡಿದ್ದಾರೆ’ ಅಂದ. ಅಂಗಡಿಯ ಕಂಪ್ಯೂಟರಿನಲ್ಲಿ ಹೋದ ವರ್ಷದ ಫೈಲುಗಳು ಇರುತ್ತವೆ. ಊರಿನ ಹೆಸರು ಬದಲಾಯಿಸಿ ಪ್ರಿಂಟ್ ತೆಗೆಯುವುದೇ ಕೆಲಸ. ಇಂಥ ನಾಲ್ಕು ನೋಡಿದವರು ‘ಅದೆಲ್ಲ ಪಿಎಚ್‌ಡಿಯವರಿಗೆ’ ಅಂದರೆ ಆಶ್ಚರ್ಯ ಇಲ್ಲ. (ಪಿಎಚ್‌ಡಿಯಲ್ಲೂ ಇದೇ ಆಟ ನಡೆಯುತ್ತೆ ಅನ್ನುವುದು ಬೇರೆ ಮಾತು.)

ನಿಯಮದ ಪ್ರಕಾರ ನೋಡಿದರೂ ಸರ್ ಮಾತು ನಿಲ್ಲುವುದಿಲ್ಲ. ದೇಶದ ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿಯ ಹೊಸ ಚೌಕಟ್ಟಿನಲ್ಲಿ ಪದವಿಯ ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇ 75 ತೆಗೆದವರು ನಾಲ್ಕನೇ ವರ್ಷದಲ್ಲಿ ಸಂಶೋಧನೆ ಆರಿಸಿಕೊಳ್ಳಬಹುದು. ಅದಕ್ಕೆ 12 ಕ್ರೆಡಿಟ್. ಅಂದರೆ ಪದವಿ ಹುಡುಗರು ಸಂಶೋಧನೆ ಮಾಡಬಹುದು ಅಂತ ಯುಜಿಸಿಯೇ ಒಪ್ಪಿದೆ. ನಮ್ಮ ರಾಜ್ಯದಲ್ಲಿ 2021-22ರಲ್ಲಿ ಈ ಪದ್ಧತಿ ಬಂತು, 2024-25ರಿಂದ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ನೀವು ಸೇರಿದ್ದು ಆ ವರ್ಷವೇ. ಹಾಗಾಗಿ ನಿಮ್ಮ ಬ್ಯಾಚಿಗೆ ನಾಲ್ಕನೇ ವರ್ಷದ ದಾರಿ ಇಲ್ಲ. ಮಾಡುವುದಾದರೆ ಈ ಮೂರು ವರ್ಷದ ಒಳಗೇ ಮಾಡಬೇಕು.

ಇನ್ನು ನಿಮ್ಮ ಅಣ್ಣ ಕೇಳುವ ಲ್ಯಾಬು.

ತುಂಬ ಹಿಂದೆ ನನ್ನ ಕ್ಲಾಸಿನ ಒಬ್ಬ ಹುಡುಗ ತನ್ನೂರಿನ ಪ್ರೈಮರಿ ಶಾಲೆಯ ಹಳೆ ದಾಖಲಾತಿ ಪುಸ್ತಕವನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡು ಬಂದ. 1955ರಿಂದ 1975ರವರೆಗಿನದು. ಮಗುವಿನ ಹೆಸರು, ತಂದೆಯ ಹೆಸರು, ಕಸುಬು, ಹುಟ್ಟಿದ ದಿನ, ಶಾಲೆ ಬಿಟ್ಟ ದಿನ, ಬಿಟ್ಟ ಕಾರಣ. ಬಂದವನೇ ‘ಸರ್, ನಮ್ಮೂರಲ್ಲಿ ಹತ್ತಿರ ಹತ್ತಿರ ಅರ್ಧ ಜನ ಜೂನ್ 1ಕ್ಕೇ ಹುಟ್ಟಿದ್ದಾರೆ’ ಅಂದ. ನಾನು ನಕ್ಕು, ನಿಮ್ಮೂರಿನ ನಿವೃತ್ತ ಮೇಷ್ಟ್ರನ್ನು ಕೇಳಿಕೊಂಡು ಬಾ ಅಂದೆ. ಆಗ ಗೊತ್ತಾಯಿತು. ಶಾಲೆ ಶುರುವಾಗೋದು ಜೂನ್‌ನಲ್ಲಿ. ಹುಟ್ಟಿದ ದಿನ ಯಾರಿಗೂ ನೆನಪಿಲ್ಲ. ಮಗು ಬಲಗೈಯನ್ನು ತಲೆ ಮೇಲಿಂದ ತಂದು ಎಡಗಿವಿ ಮುಟ್ಟಿತೋ, ಸರಿ, ಶಾಲೆಗೆ ಸೇರುವ ವಯಸ್ಸಾಯಿತು. ಮೇಷ್ಟ್ರು ಅಲ್ಲಿಂದ ಹಿಂದಕ್ಕೆ ಎಣಿಸಿ ಜೂನ್ 1 ಅಂತ ಬರೆಯುತ್ತಿದ್ದರು. ಅಂದರೆ ಪುಸ್ತಕದಲ್ಲಿ ಇರುವುದು ಮಗುವಿನ ಜನ್ಮದಿನ ಅಲ್ಲ, ಮೇಷ್ಟ್ರ ಲೆಕ್ಕ.

ಅದೇ ಹುಡುಗ ಇನ್ನೊಂದು ಕಡೆ ಎಡವಿದ್ದ. ಸುಮಾರು ವರ್ಷ ‘ಬಿಟ್ಟ ಕಾರಣ’ದ ಕಾಲಂನಲ್ಲಿ ಎಲ್ಲರಿಗೂ ‘ಗೈರುಹಾಜರಿ’ ಅಂತಲೇ ಇತ್ತು. ಆಮೇಲೆ ಒಂದು ವರ್ಷ ಇದ್ದಕ್ಕಿದ್ದಂತೆ ‘ದನ ಕಾಯಲು’, ‘ಮಗು ನೋಡಿಕೊಳ್ಳಲು’, ‘ಮದುವೆ’ ಅಂತ ಬರತೊಡಗಿತು. ಆ ವರ್ಷದಿಂದ ಊರಿನಲ್ಲಿ ಏನೋ ದೊಡ್ಡ ಬದಲಾವಣೆ ಆಗಿದೆ ಅಂತ ಅವನು ಒಂದು ಅಧ್ಯಾಯವನ್ನೇ ಬರೆದಿದ್ದ. ಕೈಬರಹ ನೋಡು ಅಂದೆ. ಊರು ಬದಲಾಗಿರಲಿಲ್ಲ, ಹೆಡ್‌ಮಾಸ್ಟರ್ ಬದಲಾಗಿದ್ದರು. ಹಳೆಯವರು ಒಂದೇ ಪದ ಗೀಚಿ ಮುಗಿಸುತ್ತಿದ್ದರು. ಹೊಸಬರು ಮನೆಯವರನ್ನು ಕೇಳಿ ಬರೆಯುತ್ತಿದ್ದರು.

ನಮ್ಮ ಲ್ಯಾಬು ಇದೇ. ಗಾಜಿನ ಕೊಳವೆ ಇಲ್ಲ ಅಷ್ಟೇ. ಈ ದಾಖಲೆಯನ್ನು ಯಾರು ಬರೆದರು, ಯಾಕೆ ಬರೆದರು, ಅವರಿಗೆ ಏನು ಕಾಣಿಸಲಿಲ್ಲ ಅಂತ ಕೇಳುವುದೇ ನಮ್ಮ ಪ್ರಯೋಗ. ಅಣ್ಣನ ಮಾತಿನಲ್ಲಿ ಒಂದಿಷ್ಟು ನಿಜ ಇದೆ ಅಂದರೆ ಅದು ಇದು: ವಿಜ್ಞಾನದ ಹುಡುಗರಿಗೆ ಬೇಸಿಗೆ ರಜೆಯಲ್ಲಿ ಲ್ಯಾಬುಗಳಿಗೆ ಕಳಿಸುವ ಫೆಲೋಶಿಪ್‌ಗಳಿವೆ, ದೇಶದ ವಿಜ್ಞಾನ ಅಕಾಡೆಮಿಗಳು ಅದನ್ನು ನಡೆಸುತ್ತವೆ. ಬಿಎ ಹುಡುಗರಿಗೆ ಅಂಥ ತಯಾರು ದಾರಿ ಕಡಿಮೆ. ದಾರಿ ಇಲ್ಲದ್ದನ್ನು ನೋಡಿ ವಿದ್ಯೆಯೇ ಇಲ್ಲ ಅಂತ ತಿಳಿದಿದ್ದಾನೆ.

ಈಗ ನಿಮ್ಮ ವಿಷಯಕ್ಕೆ ಬರೋಣ. ‘ಗ್ರಾಮೀಣ ಮಹಿಳೆಯರ ಸಬಲೀಕರಣದಲ್ಲಿ ಸರ್ಕಾರಿ ಯೋಜನೆಗಳ ಪಾತ್ರ: ಒಂದು ಅಧ್ಯಯನ’. ಸ್ವಲ್ಪ ಖಾರವಾಗಿ ಹೇಳ್ತೀನಿ, ತಪ್ಪು ತಿಳಿಯಬೇಡಿ. ‘ಒಂದು ಅಧ್ಯಯನ’ ಅಂತ ಮುಗಿಯುವ ಶೀರ್ಷಿಕೆ ನೋಡಿದರೆ ನಾನು ಒಳಗೆ ಏನಿದೆ ಅಂತ ಓದದೇ ಹೇಳಬಲ್ಲೆ. ಯಾವ ಮಹಿಳೆ? ಯಾವ ಯೋಜನೆ? ಸಬಲೀಕರಣ ಅಂದರೆ ಏನು, ಅದನ್ನು ಅಳೆಯೋದು ಹೇಗೆ? ಇಷ್ಟಗಲದ ವಿಷಯ ಇಟ್ಟುಕೊಂಡು ಹೊರಟವರಿಗೆ ಕೊನೆಗೆ ಸಿಗುವುದು ‘ಹೌದು ಶೇ 62, ಇಲ್ಲ ಶೇ 38’, ಒಂದು ಬಣ್ಣದ ಪೈ ಚಾರ್ಟು, ಮತ್ತು ‘ಸರ್ಕಾರ ಇನ್ನಷ್ಟು ಜಾಗೃತಿ ಮೂಡಿಸಬೇಕು’ ಅನ್ನುವ ಸಲಹೆ. ಪದವಿ ಹುಡುಗರ ಸಂಶೋಧನೆ ಕೆಡುವುದು ಬುದ್ಧಿ ಸಾಲದೆ ಅಲ್ಲ, ವಿಷಯ ಜಾಸ್ತಿಯಾಗಿ.

ನಾನು ಗೆರೆ ಎಳೆದ ಸಾಲು ಇದು: ‘ನಮ್ಮೂರಿಗೆ ಸರ್ಕಾರಿ ಬಸ್ಸೇ ಬರಲ್ಲ, ಅಮ್ಮನಿಗೆ ಫ್ರೀ ಬಸ್ ಅಂದ್ರೆ ಟೀವಿಯಲ್ಲಿ ನೋಡೋದಷ್ಟೇ.’

ನೀವು ಇದನ್ನು ತೊಂದರೆ ಅಂದುಕೊಂಡು ಬೇರೆ ಊರು ಹುಡುಕಲು ಹೊರಟಿದ್ದೀರಿ. ನನಗೆ ಅದೇ ನಿಮ್ಮ ವಿಷಯ ಅನ್ನಿಸುತ್ತೆ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಫ್ರೀ ಮಾಡಿದ ಶಕ್ತಿ ಯೋಜನೆ ಶುರುವಾಗಿದ್ದು 2023ರ ಜೂನ್ 11ಕ್ಕೆ. 2025ರ ಜುಲೈನಲ್ಲಿ 500 ಕೋಟಿ ಉಚಿತ ಪ್ರಯಾಣ ಆಯಿತು ಅಂತ ಸರ್ಕಾರ ಸಂಭ್ರಮ ಮಾಡಿತು. ಆ ಅಂಕಿ ಎಣಿಸುವುದು ಏನನ್ನು? ಹರಿದ ಟಿಕೆಟ್‌ಗಳನ್ನು. ದಿನಾ ಕೆಲಸಕ್ಕೆ ಹೋಗಿಬರುವ ಒಬ್ಬಾಕೆ ವರ್ಷಕ್ಕೆ ಅದರಲ್ಲಿ ನೂರಾರು ಸಲ ಬರುತ್ತಾಳೆ. ನಿಮ್ಮ ಅಮ್ಮ ಒಂದು ಸಲವೂ ಇಲ್ಲ. ಬಸ್ಸು ಹತ್ತದವರು ಯಾವ ಲೆಕ್ಕದಲ್ಲೂ ಸಿಗುವುದಿಲ್ಲ. ದಕ್ಷಿಣ ಕನ್ನಡ, ಉಡುಪಿ, ನಿಮ್ಮ ಮಲೆನಾಡಿನ ಎಷ್ಟೋ ರೂಟುಗಳಲ್ಲಿ ಓಡುವುದು ಖಾಸಗಿ ಬಸ್ಸೇ. ಆ ರೂಟಿನ ಹೆಂಗಸರಿಗೆ ಈ ಯೋಜನೆ ಹೇಗೆ ಕಾಣುತ್ತೆ? ಬಯಲುಸೀಮೆಯ ಊರಿನಲ್ಲಿ ಕೂತವರಿಗೆ ಈ ಪ್ರಶ್ನೆ ಹೊಳೆಯುವುದೇ ಇಲ್ಲ. ನಿಮಗೆ ಅದು ಮನೆಯಲ್ಲೇ ಇದೆ.

ಹಾಗಾದರೆ ಹೀಗೆ ಮಾಡಿ ನೋಡಿ. ಎರಡು ಊರು ಆರಿಸಿ. ಒಂದು ನಿಮ್ಮೂರು, ಖಾಸಗಿ ಬಸ್ಸು ಮಾತ್ರ ಬರುವಂಥದ್ದು. ಇನ್ನೊಂದು ಸರ್ಕಾರಿ ಬಸ್ಸು ಬರುವ ಊರು. ಉಳಿದದ್ದೆಲ್ಲ ಆದಷ್ಟು ಒಂದೇ ಥರ ಇರಲಿ: ಪೇಟೆಗೆ ಇರುವ ದೂರ, ಊರಿನ ಗಾತ್ರ, ಅಡಿಕೆ ತೋಟವೋ ಗದ್ದೆಯೋ ಅನ್ನುವುದು. ಊರು ಹುಡುಕಲು ಸುತ್ತಬೇಕಿಲ್ಲ. 2011ರ ಜನಗಣತಿಯ ಗ್ರಾಮ ಸೌಲಭ್ಯಗಳ ಪಟ್ಟಿ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತೆ. ಅದರಲ್ಲಿ ಪ್ರತಿ ಊರಿಗೂ ಸರ್ಕಾರಿ ಬಸ್ಸು ಇದೆಯಾ, ಖಾಸಗಿ ಬಸ್ಸು ಇದೆಯಾ, ಇಲ್ಲದಿದ್ದರೆ 5 ಕಿಲೋಮೀಟರ್ ಒಳಗಾ ಹೊರಗಾ ಅಂತ ಬೇರೆ ಬೇರೆ ಕಾಲಂ ಇದೆ. ಹಳೇ ಲೆಕ್ಕ, ನಿಜ. ಹೋಗಿ ಈಗ ಹೇಗಿದೆ ನೋಡಿ ತಿದ್ದಿಕೊಳ್ಳಿ. ಆ ತಿದ್ದುಪಡಿಯೂ ನಿಮ್ಮ ಸಂಶೋಧನೆಯ ಭಾಗವೇ.

ಜನರನ್ನು ಎಲ್ಲಿ ಕೇಳುವುದು ಅನ್ನುವ ಕಡೆ ಎಲ್ಲರೂ ಜಾರುತ್ತಾರೆ. ನೀವು ಬಸ್ ಸ್ಟ್ಯಾಂಡಿನಲ್ಲಿ ಕೂತು ಹೆಂಗಸರನ್ನು ಮಾತಾಡಿಸಿದರೆ ಸಿಗುವುದು ಬಸ್ಸಿಗೆ ಬಂದವರು ಮಾತ್ರ. ಮನೆಯಲ್ಲೇ ಉಳಿದವರು ಬಸ್ ಸ್ಟ್ಯಾಂಡಿನಲ್ಲಿ ಹೇಗೆ ಸಿಗ್ತಾರೆ? ಗೊತ್ತಿದ್ದವರ ಮನೆಗೇ ಹೋದರೂ ಕಷ್ಟ, ನಿಮ್ಮ ಜಾತಿಯ, ನಿಮ್ಮ ಕೇರಿಯ ಮನೆಗಳೇ ಜಾಸ್ತಿ ಬಂದುಬಿಡುತ್ತವೆ. ಮತದಾರರ ಪಟ್ಟಿ ಇಂಟರ್‌ನೆಟ್‌ನಲ್ಲಿ ಸಿಗುತ್ತೆ, ತೆಗೆದುಕೊಳ್ಳಿ. ಊರಿನಲ್ಲಿ 180 ಹೆಂಗಸರಿದ್ದು ನಿಮಗೆ 15 ಜನ ಬೇಕು ಅಂದರೆ ಪ್ರತಿ 12ನೆಯವರ ಮನೆಗೆ ಹೋಗಿ. ಅವರು ನಿಮಗೆ ಇಷ್ಟ ಇರಲಿ ಬಿಡಲಿ. ಪಟ್ಟಿಯಲ್ಲಿ 18 ತುಂಬದ ಹುಡುಗಿಯರು ಇರುವುದಿಲ್ಲ. ಪಿಯುಸಿಗೆ ಹೋಗುವ ಹುಡುಗಿಯರೇ ಬಸ್ಸಿಗೆ ಜಾಸ್ತಿ ಕಾಯುವವರು ಅಲ್ವಾ, ಹಾಗಾಗಿ ‘ಅವರನ್ನು ಬಿಟ್ಟಿದ್ದೇನೆ’ ಅಂತ ವರದಿಯಲ್ಲಿ ಒಪ್ಪಿಕೊಂಡು ಬರೆಯಿರಿ.

50 ಪ್ರಶ್ನಾವಳಿ ಬೇಡ. ಒಂದೊಂದು ಊರಿನಲ್ಲಿ 15 ಜನ ಸಾಕು, ಆದರೆ ಒಬ್ಬೊಬ್ಬರ ಹತ್ತಿರ ಮುಕ್ಕಾಲು ಗಂಟೆ ಕೂರಿ. ಪ್ರಶ್ನೆ ಹೇಗೆ ಕೇಳುತ್ತೀರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ. ‘ಶಕ್ತಿ ಯೋಜನೆಯಿಂದ ನಿಮಗೆ ಅನುಕೂಲ ಆಗಿದೆಯೇ? ಹೌದು / ಇಲ್ಲ’ ಅಂತ ಕೇಳಿದರೆ ಅವರು ನಿಮ್ಮ ಮುಖ ನೋಡಿ, ನೀವು ಪಂಚಾಯಿತಿಯವರಾ, ಪಾರ್ಟಿಯವರಾ ಅಂತ ಅಂದಾಜು ಮಾಡಿ ಉತ್ತರ ಕೊಡುತ್ತಾರೆ. ಅದರ ಬದಲು ಹೀಗೆ: ‘ಹೋದ ವಾರ ಊರು ಬಿಟ್ಟು ಎಲ್ಲೆಲ್ಲಿ ಹೋಗಿದ್ರಿ? ಹೇಗೆ ಹೋದ್ರಿ? ಯಾರ ಜೊತೆ? ಎಷ್ಟಾಯ್ತು? ದುಡ್ಡು ಯಾರ ಹತ್ರ ಇಸ್ಕೊಂಡ್ರಿ? ಕೊನೇ ಸಲ ತವರಿಗೆ ಹೋಗಿದ್ದು ಯಾವಾಗ?’ ನಾನು ಹೇಳುವುದಾದರೆ, ‘ದುಡ್ಡು ಯಾರ ಹತ್ರ ಇಸ್ಕೊಂಡ್ರಿ’ ಅನ್ನುವ ಒಂದು ಪ್ರಶ್ನೆ ಸಬಲೀಕರಣದ ಮೇಲಿನ ಎಷ್ಟೋ ಪುಟಗಳಿಗಿಂತ ಜಾಸ್ತಿ ಹೇಳುತ್ತೆ. ಸರ್ಕಾರಿ ಬಸ್ಸಿನ ಊರಿನಲ್ಲಿ ಈ ಪ್ರಶ್ನೆಗೆ ‘ಯಾರನ್ನೂ ಕೇಳಲಿಲ್ಲ’ ಅನ್ನುವ ಉತ್ತರ ಜಾಸ್ತಿ ಬರುತ್ತಾ? ಬರದೇ ಇರಬಹುದು. ಬಸ್ಸು ಫ್ರೀ ಆದರೂ ಹೋಗಲು ಅಪ್ಪಣೆ ಬೇಕಲ್ಲ. ಅದು ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೇ ಕೇಳಲು ಹೋಗುತ್ತಿರುವುದು.

15 ಜನರಲ್ಲಿ 7 ಜನ ಹೀಗಂದರು ಅಂತಾದರೆ ‘7 ಜನ’ ಅಂತಲೇ ಬರೆಯಿರಿ. ಶೇ 46.67 ಅಂತ ಬರೆದರೆ ಲೆಕ್ಕ ತಪ್ಪಲ್ಲ, ಆದರೆ ಓದಿದವರು ನಗುತ್ತಾರೆ.

ಇತಿಹಾಸದ ಕಡೆಯಿಂದಲೂ ಇದಕ್ಕೆ ಒಂದು ಬಾಗಿಲಿದೆ. ಹಳೇ ಮೈಸೂರು ಸರ್ಕಾರ ತನ್ನ ಸಾರಿಗೆ ಇಲಾಖೆಯ ಬಸ್ಸು ಓಡಿಸಲು ಶುರು ಮಾಡಿದ್ದು 1948ರಲ್ಲಿ, 120 ಬಸ್ಸುಗಳಿಂದ. ಹಾಗಿದ್ದೂ ನಿಮ್ಮ ರೂಟಿಗೆ ಇವತ್ತಿಗೂ ಯಾಕೆ ಬಂದಿಲ್ಲ? ನಿಮ್ಮ ಪಕ್ಕದ ಕೊಪ್ಪದಲ್ಲಿ 1991ರಲ್ಲಿ ಬಸ್ ಕಾರ್ಮಿಕರೇ ಸೇರಿ ಸಹಕಾರ ಸಾರಿಗೆ ಕಟ್ಟಿದರು. 2020ರಲ್ಲಿ ಅದರ ಬಸ್ಸುಗಳು ನಿಂತವು. ಅದರಲ್ಲಿ ಓಡಾಡಿದವರು, ಟಿಕೆಟ್ ಹರಿದವರು ಇನ್ನೂ ಇದ್ದಾರೆ. ರೂಟ್ ಪರ್ಮಿಟ್ಟಿನ ಮಾಹಿತಿ ಆರ್‌ಟಿಓ ಕಚೇರಿಯಲ್ಲಿ ಇರುತ್ತೆ. ಸುಮ್ನೆ ಕೇಳಿದರೆ ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, ಒಂದೇ ವಿಷಯ, ನಮ್ಮ ರಾಜ್ಯದ ನಿಯಮದಂತೆ 150 ಪದದ ಒಳಗೆ. ಉತ್ತರಕ್ಕೆ 30 ದಿನ ಗಡುವು. ಆದ್ದರಿಂದ ಮೊದಲ ವಾರವೇ ಹಾಕಿಬಿಡಿ, ಕೊನೆಗೆ ಹಾಕಿ ಕೂತರೆ ಪರೀಕ್ಷೆ ಬಂದಿರುತ್ತೆ.

ಬಸ್ಸು ಬೇಡ ಅನ್ನಿಸಿದರೆ ನಿಮ್ಮ ಜಿಲ್ಲೆಯಲ್ಲಿ ವಿಷಯಕ್ಕೇನು ಬರವಾ? 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಮುಳುಗಡೆಯಾಗಿ ಬಂದವರ ಮೊಮ್ಮಕ್ಕಳು ನಿಮ್ಮ ಕ್ಲಾಸಿನಲ್ಲೇ ಇರಬಹುದು. ಸಾಗರದ ಕಡೆ ಗೇಣಿದಾರರು ನಡೆಸಿದ 1951ರ ಕಾಗೋಡು ಸತ್ಯಾಗ್ರಹದ ನೆನಪು ಮನೆಮನೆಗಳಲ್ಲಿ ಉಳಿದಿದೆ. 1974ರ ಭೂಸುಧಾರಣೆಯಲ್ಲಿ ಗೇಣಿದಾರರು ಕೊಟ್ಟ ಫಾರಂ 7 ಅರ್ಜಿಗಳನ್ನು ವಿಚಾರಣೆ ಮಾಡಿದ್ದು ಭೂ ನ್ಯಾಯಮಂಡಳಿ. ಆ ಕಡತಗಳಲ್ಲಿ ಹೆಂಗಸರ ಹೆಸರಿನ ಅರ್ಜಿ ಎಷ್ಟು ಅಂತ ಒಂದು ಹೋಬಳಿಯದ್ದು ಮಾತ್ರ ಎಣಿಸಿದರೂ ಒಳ್ಳೆ ಕೆಲಸ. ಶಾಸನದ ಹುಚ್ಚು ಇದ್ದರೆ ಎಪಿಗ್ರಾಫಿಯಾ ಕರ್ನಾಟಿಕಾದ ಹಳೇ 8ನೇ ಸಂಪುಟ ತೆಗೆಯಿರಿ. ಬಿ. ಎಲ್. ರೈಸ್ ನೂರು ವರ್ಷಕ್ಕೂ ಹಿಂದೆ ಪ್ರಕಟಿಸಿದ್ದು, ತೀರ್ಥಹಳ್ಳಿ ತಾಲೂಕಿನ ಶಾಸನಗಳು ಅದರಲ್ಲಿವೆ. ಒಂದು ಹೋಬಳಿಯ ಕಲ್ಲುಗಳು ಈಗ ಎಲ್ಲೆಲ್ಲಿವೆ? ಎಷ್ಟು ಗುಡಿಯ ಜೀರ್ಣೋದ್ಧಾರದಲ್ಲಿ ಮೆಟ್ಟಿಲಾದವು, ಎಷ್ಟಕ್ಕೆ ಆಯಿಲ್ ಪೇಂಟ್ ಬಿತ್ತು? ಇದಕ್ಕೆ ಹಳಗನ್ನಡ ಓದಲು ಬರಲೇಬೇಕು ಅಂತಲೂ ಇಲ್ಲ, ಕಾಲಲ್ಲಿ ಶಕ್ತಿ ಇದ್ದರೆ ಆಯಿತು.

ಅಪಾಯಗಳನ್ನೂ ಹೇಳಬೇಕು. ಮೊದಲನೆಯದು ಜನರದ್ದು. ನೀವು ಊರಿನ ಹುಡುಗಿ, ಕೇಳಿದ್ದು ನಾಳೆ ಹಾಲಿನ ಡೈರಿಯಲ್ಲಿ ಹರಡಬಾರದು. ಯಾಕೆ ಕೇಳುತ್ತಿದ್ದೇನೆ, ಹೆಸರು ಬರೆಯಲ್ಲ, ಬೇಡ ಅನ್ನಿಸಿದರೆ ಅರ್ಧಕ್ಕೇ ನಿಲ್ಲಿಸಬಹುದು ಅಂತ ಮೊದಲೇ ಹೇಳಿ. ಫೋನಿನಲ್ಲಿ ರೆಕಾರ್ಡ್ ಮಾಡುವುದಾದರೆ ಕೇಳಿಯೇ ಮಾಡಿ. ನೋಟ್‌ಬುಕ್ಕಿನಲ್ಲಿ ಹೆಸರಿನ ಬದಲು ನಂಬರ್ ಹಾಕಿ. ಅತ್ತೆ ಪಕ್ಕದಲ್ಲಿ ಕೂತಿದ್ದಾಗ ಸೊಸೆ ಹೇಳುವ ಮಾತೇ ಬೇರೆ, ಕೊಟ್ಟಿಗೆಯಲ್ಲಿ ಒಬ್ಬಳೇ ಇದ್ದಾಗ ಹೇಳುವ ಮಾತೇ ಬೇರೆ. ಯಾರು ಪಕ್ಕದಲ್ಲಿದ್ದರು ಅಂತಲೂ ಬರೆದಿಟ್ಟುಕೊಳ್ಳಿ. ಪ್ರಿನ್ಸಿಪಾಲರಿಂದ ಒಂದು ಪತ್ರ ಇರಲಿ, ಪಂಚಾಯಿತಿ ಕಚೇರಿಯಲ್ಲಿ ಕೆಲಸಕ್ಕೆ ಬರುತ್ತೆ. ಮನೆಗಳಿಗೆ ಹೋಗುವಾಗ ಅದನ್ನು ತೋರಿಸಬೇಡಿ, ಸರ್ಕಾರದ ಸರ್ವೆ ಅಂದುಕೊಂಡು ಬಾಯಿ ಮುಚ್ಚಿಕೊಳ್ಳುತ್ತಾರೆ.

ಎರಡನೆಯದು ಟಿಪ್ಪಣಿ. ಮೈಸೂರಿನ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಕಡೆಯ ಒಂದು ಹಳ್ಳಿಯಲ್ಲಿದ್ದು ಕ್ಷೇತ್ರಕಾರ್ಯ ಮಾಡಿದವರು. ವರ್ಷಗಟ್ಟಲೆ ಕೂತು ಸಿದ್ಧಪಡಿಸಿದ ಟಿಪ್ಪಣಿಗಳ ಮೂರೂ ಪ್ರತಿ 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಹೋದವು, ಮೂರೂ ಒಂದೇ ಕಡೆ ಇದ್ದವು. ಅವರು ನೆನಪಿನಿಂದ ಪುಸ್ತಕ ಬರೆದರು. ನಮಗೆ ನಿಮಗೆ ಆ ನೆನಪಿನ ಶಕ್ತಿ ಇರಲಿಕ್ಕಿಲ್ಲ. ಆವತ್ತಿನ ಪುಟದ ಫೋಟೊ ಆವತ್ತೇ ತೆಗೆದು ನಿಮಗೇ ಮೇಲ್ ಮಾಡಿಕೊಳ್ಳಿ.

ಇನ್ನು ಇದನ್ನು ಯಾವ ಹೆಸರಿನಲ್ಲಿ ಮಾಡುವುದು. ನಿಮ್ಮ ಪಠ್ಯಕ್ರಮದಲ್ಲಿ ಮುಂದೆ ಪ್ರಾಜೆಕ್ಟ್ ಇದ್ದರೆ ಅದರೊಳಗೇ ತೂರಿಸಿ. ಅಂಕವೂ ಸಿಗುತ್ತೆ, ಆದರೆ ಗೈಡ್ ಯಾರು ಅನ್ನುವುದು ನಿಮ್ಮ ಕೈಯಲ್ಲಿ ಇರುವುದಿಲ್ಲ, ‘50 ಜನರ ಪ್ರಶ್ನಾವಳಿ ಎಲ್ಲಿ, ಪೈ ಚಾರ್ಟ್ ಎಲ್ಲಿ’ ಅನ್ನಬಹುದು. ಅಂಥವರಿಗೆ ಒಂದು ಚಾರ್ಟ್ ಹಾಕಿ ಕೊಡಿ, ಜಗಳ ಬೇಡ. ಪ್ರಾಜೆಕ್ಟ್ ಇಲ್ಲದಿದ್ದರೆ ರಜೆಯಲ್ಲಿ ಸ್ವಂತಕ್ಕೆ ಮಾಡಿ. ಯಾರೂ ಕೇಳುವವರಿಲ್ಲ, ಅದೇ ಲಾಭ, ಅದೇ ನಷ್ಟ. ಹತ್ತರಲ್ಲಿ ಏಳು ಮಂದಿ ಅರ್ಧಕ್ಕೆ ಬಿಡುವುದನ್ನು ನಾನೇ ನೋಡಿದ್ದೇನೆ. ಅದಕ್ಕೇ ಸರ್ ಹತ್ತಿರ ಇನ್ನೊಂದು ಸಲ ಹೋಗಿ. ‘ಸಂಶೋಧನೆ ಮಾಡ್ತೀನಿ ಸರ್’ ಅನ್ನಬೇಡಿ. ಎರಡು ಊರು, 30 ಜನ, ಎಂಟು ಪ್ರಶ್ನೆ ಇರುವ ಒಂದು ಪುಟ ಕೊಟ್ಟು ‘ಸರ್, ಈ ಪ್ರಶ್ನೆಗಳು ಸರಿ ಇದೆಯಾ ನೋಡಿ’ ಅನ್ನಿ. ಹದಿನೈದು ನಿಮಿಷದ ಕೆಲಸ ಅಂದರೆ ಯಾವ ಮೇಷ್ಟ್ರೂ ಇಲ್ಲ ಅನ್ನುವುದಿಲ್ಲ. ಒಳಗೊಳಗೆ ಖುಷಿಯೂ ಆಗುತ್ತೆ.

1,800 ರೂಪಾಯಿ ವಿಷಯ. ಕಟ್ಟಬೇಡಿ. ಆ ಜರ್ನಲ್‌ಗಳು ಐಎಸ್‌ಎಸ್‌ಎನ್ ನಂಬರ್ ತೋರಿಸುತ್ತವೆ. ಅದು ಪತ್ರಿಕೆಗೆ ಕೊಡುವ ಎಂಟು ಅಂಕಿಯ ಗುರುತು, ಬಸ್ಸಿನ ನಂಬರ್ ಪ್ಲೇಟ್ ಇದ್ದ ಹಾಗೆ. ಪ್ಲೇಟ್ ಇದೆ ಅಂದ ಮಾತ್ರಕ್ಕೆ ಡ್ರೈವರ್‌ಗೆ ಓಡಿಸಲು ಬರುತ್ತೆ ಅಂತಲ್ಲ. ‘ಯುಜಿಸಿ ಕೇರ್ ಪಟ್ಟಿಯಲ್ಲಿದೆ’ ಅಂತ ಈಗಲೂ ವಾಟ್ಸ್ಆ್ಯಪ್‌ನಲ್ಲಿ ಜಾಹೀರಾತು ಬರುತ್ತೆ. ಒಳ್ಳೆಯ ಜರ್ನಲ್‌ಗಳು ಯಾವುವು ಅಂತ ಯುಜಿಸಿ ಇಟ್ಟುಕೊಂಡಿದ್ದ ಪಟ್ಟಿ ಅದು. ಅದನ್ನೇ ಯುಜಿಸಿ 2025ರ ಫೆಬ್ರವರಿಯಲ್ಲಿ ಕೈಬಿಟ್ಟಿದೆ. ಕಳಿಸಿದ ಎರಡೇ ದಿನಕ್ಕೆ ‘ಸ್ವೀಕರಿಸಲಾಗಿದೆ, ಹಣ ಕಟ್ಟಿ’ ಅಂತ ಬಂದರೆ ಯಾರೂ ಓದಿಲ್ಲ ಅಂತಲೇ ಅರ್ಥ. ಮುಂದೆ ನೀವು ಒಳ್ಳೆಯ ಕಡೆ ಸೇರಲು ಹೋದಾಗ ಆ ಜರ್ನಲ್‌ನ ಹೆಸರು ನಿಮ್ಮ ಹೆಸರಿನ ಪಕ್ಕದಲ್ಲಿ ಇರುವುದು ಮರ್ಯಾದೆಯಲ್ಲ. ನಿಮ್ಮ ಬರಹವನ್ನು ಕಾಲೇಜಿನ ವಾರ್ಷಿಕ ಸಂಚಿಕೆಗೆ ಕೊಡಿ, ಚೆನ್ನಾಗಿ ಬಂದರೆ ಜಿಲ್ಲಾ ಪತ್ರಿಕೆಯೊಂದಕ್ಕೆ ಲೇಖನವಾಗಿ ಕಳಿಸಿ. ಓದುವವರಾದರೂ ಸಿಗುತ್ತಾರೆ.

ಇಂಗ್ಲಿಷ್‌ಗೆ ಹೆದರಬೇಡಿ, ಆದರೆ ಬೇಡವೇ ಬೇಡ ಅಂತಲೂ ಹೇಳಲಾರೆ. ಶಂಬಾ ಜೋಶಿ ಮೇಷ್ಟ್ರಾಗಿದ್ದುಕೊಂಡು ಕನ್ನಡದಲ್ಲೇ ಸಂಶೋಧನೆ ಮಾಡಿದರು. ಚಿದಾನಂದಮೂರ್ತಿ, ಕಲಬುರ್ಗಿ ಬರೆದದ್ದೂ ಕನ್ನಡದಲ್ಲಿ. ನಿಮ್ಮ ವರದಿ ಕನ್ನಡದಲ್ಲೇ ಇರಲಿ, ಹೆಂಗಸರ ಮಾತು ಅವರು ಆಡಿದ ಹಾಗೇ ಇರಲಿ. ‘ಹೋಪುಕೆ ಆಗ್ಲಿಲ್ಲೆ’ ಅಂದವರ ಬಾಯಿಗೆ ‘ಪ್ರಯಾಣಿಸಲು ಸಾಧ್ಯವಾಗಲಿಲ್ಲ’ ಅಂತ ತುರುಕಬೇಡಿ. ಆದರೆ ಬೇರೆಯವರು ಮಾಡಿದ್ದನ್ನು ಓದಲು ಇಂಗ್ಲಿಷ್ ಬೇಕಾಗುತ್ತೆ. ಶೋಧಗಂಗಾ ಅನ್ನುವ ವೆಬ್‌ಸೈಟಿನಲ್ಲಿ ದೇಶದ ಪಿಎಚ್‌ಡಿ ಪ್ರಬಂಧಗಳು ಪುಕ್ಕಟೆ ಸಿಗುತ್ತವೆ, ಕನ್ನಡದವೂ ಇವೆ. ಅಲ್ಲಿಂದ ಶುರು ಮಾಡಿ. ಗುಣಮಟ್ಟ ಹಿಂದೆಮುಂದೆ ಇರುತ್ತೆ, ನೋಡಿಕೊಂಡು ಓದಿ.

ಚಾಟ್‌ಜಿಪಿಟಿಯನ್ನು ಒಂದು ಇಂಗ್ಲಿಷ್ ಪುಟ ಅರ್ಥ ಮಾಡಿಕೊಳ್ಳಲು ಬಳಸಿ, ತಪ್ಪೇನಿಲ್ಲ. ಈ ವಿಷಯದ ಮೇಲೆ ಯಾವ ಪುಸ್ತಕಗಳಿವೆ ಅಂತ ಅದನ್ನು ಕೇಳಬೇಡಿ, ಕೇಳಿದರೂ ನಂಬಬೇಡಿ. ಇಲ್ಲದ ಪುಸ್ತಕಕ್ಕೆ ಲೇಖಕರು, ಇಸವಿ, ಪುಟ ಸಂಖ್ಯೆ ಸಮೇತ ಹೇಳಿಬಿಡುತ್ತೆ. ಜನ ನಂಬಿ ಹೇಳಿದ ಮಾತನ್ನು ಅದರೊಳಗೆ ಹಾಕಬೇಡಿ. ನಿಮ್ಮ ಎರಡೂರಿನ ಹೆಂಗಸರು ಹೋದ ವಾರ ಎಲ್ಲಿಗೆ ಹೋಗಿದ್ದರು ಅಂತ ಅದಕ್ಕೆ ಹೇಗೂ ಗೊತ್ತಿಲ್ಲ.

ಅಪ್ಪನಿಗೆ ನಿಜ ಹೇಳಿ. ಇದರಿಂದ ನೇರವಾಗಿ ಕೆಲಸ ಸಿಗುವುದಿಲ್ಲ. ಎಫ್‌ಡಿಎ, ಪಿಡಿಒ ಪರೀಕ್ಷೆಯಲ್ಲಿ ಇದಕ್ಕೆ ಅಂಕ ಇಲ್ಲ. ಪರೀಕ್ಷೆಗೆ ಓದುವುದಿದ್ದರೆ ಅದಕ್ಕೆ ಬೇರೆ ಸಮಯ ಇಡಲೇಬೇಕು, ಇದಕ್ಕಾಗಿ ಸೆಮಿಸ್ಟರ್ ಅಂಕ ಕಳೆದುಕೊಳ್ಳುವುದೂ ಬೇಡ. ಪಿಎಚ್‌ಡಿ ಕಡೆಗೆ ಹೋಗುವುದಾದರೆ ನಿಮ್ಮ ಬ್ಯಾಚಿನವರು ಎಂಎ ಮಾಡಬೇಕು, ಅದರಲ್ಲಿ ಶೇ 55 ಬೇಕು, ಮೀಸಲಾತಿ ಇದ್ದವರಿಗೆ ಶೇ 50. ಎಂಎ ಸಂದರ್ಶನದಲ್ಲಿ ‘ನಿಮಗೆ ಯಾವುದರಲ್ಲಿ ಆಸಕ್ತಿ’ ಅಂತ ಕೇಳಿದಾಗ ‘ಮಹಿಳಾ ಸಬಲೀಕರಣ’ ಅನ್ನುವವರು ಸಾಲಿನಲ್ಲಿ ಮೂವತ್ತು ಜನ ಇರುತ್ತಾರೆ. ‘ಸರ್ಕಾರಿ ಬಸ್ಸು ಬಾರದ ಊರಿನಲ್ಲಿ 15 ಹೆಂಗಸರ ಜೊತೆ ಕೂತು ಕೇಳಿದ್ದೇನೆ’ ಅನ್ನುವವರು ಒಬ್ಬರು ಇರಬಹುದು. ಸರ್ವೆ ಕೆಲಸ, ಸ್ವಯಂಸೇವಾ ಸಂಸ್ಥೆಗಳ ಕ್ಷೇತ್ರ ಕೆಲಸ, ಪತ್ರಿಕೋದ್ಯಮ, ಇಲ್ಲೆಲ್ಲ ಈ ಅಭ್ಯಾಸ ಉಪಯೋಗಕ್ಕೆ ಬರುತ್ತೆ. ಅದಕ್ಕಿಂತ ಜಾಸ್ತಿ ಆಸೆ ಹುಟ್ಟಿಸುವುದು ನನಗೆ ಸರಿ ಕಾಣುವುದಿಲ್ಲ.

ಕೊನೆಯದಾಗಿ ಒಂದು. ಪಟ್ಟಿಯ 12ನೇ ಹೆಸರಾಗಿ ನಿಮ್ಮ ಅಮ್ಮನೇ ಬಂದರೂ ಬರಬಹುದು. ಬಂದರೆ ಬಿಡಬೇಡಿ, ಆದರೆ ಅವರನ್ನು ಕೊನೆಗೆ ಕೇಳಿ. ಮೊದಲೇ ಕೇಳಿದರೆ ಉತ್ತರ ನಿಮಗೆ ಗೊತ್ತಿದೆ ಅಂದುಕೊಂಡು ಅರ್ಧಕ್ಕೇ ತಡೆದುಬಿಡುತ್ತೀರಿ. 29 ಜನರ ಮಾತು ಕೇಳಿ ಆದ ಮೇಲೆ, ಒಂದು ಮಧ್ಯಾಹ್ನ ಅಡಿಗೆ ಮನೆಯಲ್ಲಿ ನೋಟ್‌ಬುಕ್ ತೆರೆದು, ಬೇರೆಯವರ ಮನೆಯಲ್ಲಿ ಕೇಳಿದ ಹಾಗೇ ಕೇಳಿ: ಕೊನೇ ಸಲ ತವರಿಗೆ ಹೋಗಿದ್ದು ಯಾವಾಗ, ಹೇಗೆ ಹೋದ್ರಿ, ದುಡ್ಡು ಯಾರ ಹತ್ರ ಇಸ್ಕೊಂಡ್ರಿ.